ಒಣ ಕಾಲುವೆಯಲ್ಲಿ ಓಡಿದ ಕೆಂಪು ಕಾರು

ಆ ಸಂಜೆಯ ಜಗಳ ಯಾವ ಕಾಲದ್ದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಆಗ ನನ್ನೊಡನೆ ಶಾಸನಗಳ ಪಡಿಯಚ್ಚು ತೆಗೆಯುತ್ತಿದ್ದ ಗೆಳೆಯರು ಅದು ಎಂಬತ್ತರ ದಶಕದ ಕೊನೆಯದೆಂದು ಇಂದಿಗೂ ವಾದಿಸುತ್ತಾರೆ. ಅದನ್ನು ಒಪ್ಪದಂತೆ ನನ್ನನ್ನು ತಡೆಯುವುದು ಒಂದು ಕೆಂಪು ಕಾರು. ಸಿಂಧನೂರಿನ ಬಸ್ ನಿಲ್ದಾಣದ ಎದುರಿನ ಚಹಾ ಹೋಟೆಲಿನಲ್ಲಿ ಎಂಬತ್ತರ ದಶಕ ಮುಗಿಯುವವರೆಗೂ ಕಪ್ಪು-ಬಿಳುಪಿನ ಟಿವಿಯೇ ಇತ್ತು. ನಾವು ಅಲ್ಲಿ ಕಂಡ ಕಾರು ಕೆಂಪಗಿತ್ತೆಂಬುದರಲ್ಲಿ ಗೆಳೆಯರಿಗೂ ಸಂದೇಹವಿಲ್ಲ. ಆದ್ದರಿಂದ ಅದು ತೊಂಬತ್ತರ ದಶಕದ ಮೊದಲ ವರ್ಷಗಳಿಗೇ ಸೇರಬೇಕು. ಋತುವಿನ ವಿಷಯದಲ್ಲಿ ಮಾತ್ರ ನಮಗೆ ತಕರಾರಿಲ್ಲ: ಯುಗಾದಿ ಕಳೆದಿತ್ತು, ಕಾಲುವೆಯ ಸೀಮೆಯಲ್ಲಿ ಎರಡನೇ ಬೆಳೆಯ ಭತ್ತ ತೆನೆ ಬಿಟ್ಟು ನಿಂತಿತ್ತು.

ಕಾರು ರೇಸಿನ ಕಥೆಯ ಧಾರಾವಾಹಿಯೊಂದು ಬರಲಿದೆಯೆಂದು ಟಿವಿಯಲ್ಲಿ ಆ ದಿನಗಳಲ್ಲಿ ಸಾರುತ್ತಿದ್ದರು. ವಾರ್ತೆಗೆ ಮುನ್ನ ಅದರದೊಂದು ತುಣುಕು ಬರುತ್ತಿತ್ತು: ಎರಡು ಬದಿಗೂ ಸಿಮೆಂಟಿನ ಇಳಿಜಾರು, ನಡುವೆ ಧೂಳೆಬ್ಬಿಸಿಕೊಂಡು ನುಗ್ಗಿ ಬರುವ ಕೆಂಪು ಕಾರು, ಒಳಗೆ ಹಲ್ಲು ಕಚ್ಚಿದ ನಾಯಕ. ಅಷ್ಟಕ್ಕೇ ಹೋಟೆಲಿನಲ್ಲಿ ಎರಡು ಪಕ್ಷಗಳು ಹುಟ್ಟಿದ್ದವು.

"ಅಂವ ಖರೇನ ಓಡಸ್ತಾನಲೇ, ಡೂಪ್ ಇಟ್ಟಿಲ್ಲ" ಎಂದು ಜವಳಗೇರಾದ ಟ್ರ್ಯಾಕ್ಟರ್ ಚಾಲಕ ಬೆಂಚು ಗುದ್ದುತ್ತಿದ್ದ.

"ಓಡಸ್ತಾನ, ನಿಮ್ಮಪ್ಪನ ಟ್ರ್ಯಾಕ್ಟರ್! ಆ ಮಾರಿಗೆ ಗೇರ್ ಎಲ್ಲೈತಿ ಅಂತರ ಗೊತ್ತೈತೇನು?" ಎಂದು ದಢೇಸುಗೂರಿನ ರೈತ ಹಂಗಿಸುತ್ತಿದ್ದ. ಕಾಲುವೆಗೆ ಹೊಂದಿಕೊಂಡೇ ಗದ್ದೆಗಳಿದ್ದ ಅನುಕೂಲಸ್ಥ ಈತ. ಇವನ ದನಿಯೇ ಅಲ್ಲಿ ಎಲ್ಲಕ್ಕಿಂತ ದೊಡ್ಡದು.

"ನೀ ಏನರ ಅನ್ನು, ರೇಸ್ ಗೆಲ್ಲಾಂವ ಅಂವನ."

"ಮೊದಲ ವಾರನ ಗೆದ್ರ ಉಳಿದ ವಾರ ಕುಂತು ಕಾರ್ ತೊಳೀತಾನೇನಲೇ?"

ಇನ್ನೂ ಆರಂಭವಾಗದ ಕಥೆಗಾಗಿ ಇವರು ದಿನವೂ ಒಬ್ಬರ ಹಿರಿಯರನ್ನೊಬ್ಬರು ಬೈದುಕೊಂಡು ಏಳುತ್ತಿದ್ದರು. ಮೂಲೆಯಲ್ಲಿ ಕುಳಿತು ಇದನ್ನೆಲ್ಲ ಕೇಳುತ್ತಿದ್ದ ಒಬ್ಬ ಜೀಪು ಚಾಲಕ ಒಂದು ದಿನ, ಆ ತುಣುಕಿನ ಚಿತ್ರೀಕರಣಕ್ಕೆ ತನ್ನ ಜೀಪೇ ಹೋಗಿತ್ತೆಂದುಬಿಟ್ಟ. ಕೆಂಪು ಕಾರಿನ ಮುಂದೆ ಕ್ಯಾಮೆರಾ ಹೊತ್ತು ಓಡಿದ್ದು ಅದೇ, ಶಿವರಾತ್ರಿಯಾದ ಮರುವಾರ, ತಮ್ಮೂರ ಮುಂದಿನ ಕಾಲುವೆಯೊಳಗೆ, ಎಂದ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಡುವೆ ಬಾಡಿಗೆ ಜೀಪು ಓಡಿಸುತ್ತಿದ್ದ ಅವನನ್ನು ನಾನು ಚೆನ್ನಾಗಿ ಬಲ್ಲೆ. ಮಸ್ಕಿಗೆ ಈಚಿನ ಅವನ ಊರು ಕಾಲುವೆಯ ಕಟ್ಟಕಡೆಯ ಭಾಗದಲ್ಲಿ, ಜನ ಟೇಲೆಂಡ್ ಎನ್ನುವಲ್ಲಿ, ಇತ್ತು. ನೀರು ಬರುತ್ತದೆಂದು ನಂಬಿ ಅವನ ತಂದೆ ಜೋಳದ ಹೊಲವನ್ನು ಸಮಮಾಡಿ ಗದ್ದೆ ಕಟ್ಟಿಸಿದ್ದರು. ನೀರು ಬರಲಿಲ್ಲ. ಮನೆ ನಡೆಯುತ್ತಿದ್ದುದು ಈ ಚಾಲಕನ ಸಂಬಳದಿಂದ.

ಜೀಪು ಅವನದಲ್ಲ, ಗೊಬ್ಬರದ ಅಂಗಡಿಯ ಸಾವ್ಕಾರರದು. ವಿಭೂತಿ ತಪ್ಪದ ಹಣೆಯ, ಹೋಟೆಲಿನ ನೀರನ್ನೂ ಮುಟ್ಟದ ಅವರು ಚಾಲಕರಿಗೆ ಹಾಕಿದ್ದ ಕಟ್ಟಳೆ ಒಂದೇ: ಗಾಡಿ ಡಾಂಬರು ಬಿಟ್ಟು ಇಳಿಯಕೂಡದು. ಹಿಂದಿನ ಚಾಲಕ ಅದನ್ನು ಒಬ್ಬರ ಹೊಲಕ್ಕೆ ಇಳಿಸಿದನೆಂದು ತಿಳಿದ ದಿನವೇ ಅವನನ್ನು ಬಿಡಿಸಿದ್ದರು. ಇದು ಹೋಟೆಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಯಾರೋ ಸಾವ್ಕಾರರ ಕಿವಿಗೆ ಮಾತು ಮುಟ್ಟಿಸಿದರು.

ನಾನು ಹೇಳಹೊರಟ ಸಂಜೆ ಸಾವ್ಕಾರರು ಬಂದು ಹೊಸ್ತಿಲ ಹೊರಗೇ ನಿಂತರು. ಒಳಗೆ ದಢೇಸುಗೂರಿನ ರೈತ ಜೀಪು ಚಾಲಕನನ್ನು ಆಗಲೇ ಮಾತಿನಲ್ಲಿ ಹಿಡಿದುಕೊಂಡಿದ್ದ.

"ಶಿವರಾತ್ರಿ ಹೊತ್ತಿನ್ಯಾಗ ಕಾಲುವ್ಯಾಗ ಕಾರ್ ಓಡಸ್ಯಾರಂತ! ನಮ್ಮ ಎಮ್ಮಿ ಇಳಿದ್ರ ಕೋಡು ಸೈತ ಕಾಣಂಗಿಲ್ಲ ಆ ನೀರಾಗ. ಅದೇನು ಕಾರೋ, ಮೊಸಳಿಯೋ?"

ನಗುವಿನ ನಡುವೆ ಸಾವ್ಕಾರರು ಕೇಳಿದರು: "ಏನಪಾ, ನನ್ನ ಗಾಡಿ ಕಾಲುವಿಗೆ ಇಳಿಸಿದ್ದೇನು?"

ಚಾಲಕ ಎದ್ದು ನಿಂತ. "ಇಲ್ರೀ ಸಾವ್ಕಾರ್ರ. ಸುಮ್ನ ಚೇಷ್ಟಿಗೆ ಅಂದಿದ್ದೆ."

ಅವನ ವೈರಿಗಳೇ ಅವನಿಗೆ ದಾರಿ ಮಾಡಿಕೊಟ್ಟಿದ್ದರು. ಕಾಲುವೆ ತುಂಬಿ ಹರಿಯುತ್ತಿದ್ದರೆ ಜೀಪು ಇಳಿಯುವುದು ಸಾಧ್ಯವಿಲ್ಲ. ಜೀಪು ಇಳಿದಿಲ್ಲವಾದರೆ ನೌಕರಿ ಹೋಗುವುದಿಲ್ಲ. ಸುಳ್ಳನೆನಿಸಿಕೊಂಡರೆ ಸಾಕಿತ್ತು. ಸಾವ್ಕಾರರು ಅಪನಂಬಿಕೆಯಿಂದಲೇ ತಲೆಯಾಡಿಸಿ ಹೊರಡಲು ತಿರುಗಿದರು. ಆದರೆ ರೈತನಿಗೆ ಗೆಲುವು ಅಷ್ಟಕ್ಕೇ ಸಾಲಲಿಲ್ಲ.

"ಕೇಳಿದ್ರೇನ್ರೀ ಸಾವ್ಕಾರ್ರ? ಈ ಟೇಲೆಂಡಿನ ಮಂದಿ ಹುಟ್ಟಾ ಸುಳ್ಳರು. ನೀರು ಬರವಲ್ದು, ನೀರು ಬರವಲ್ದು ಅಂತ ನೀರಾವರಿ ಆಫೀಸ್ ಮುಂದ ಬಾಯಿ ಬಡ್ಕೋತಾರಲ್ಲ, ಅದೂ ಇಂಥಾದ್ದ ಸುಳ್ಳ. ನೀರು ಹೋಗೂದು ಹೊಕ್ಕೈತಿ. ಮೈ ಬಗ್ಗಿಸಿ ಗದ್ದಿ ಮಾಡಾಕ ಇವ್ರಿಗೆ ಆಗೂದಿಲ್ಲ."

ಚಾಲಕ ಗ್ಲಾಸನ್ನು ಬೆಂಚಿನ ಮೇಲಿಟ್ಟ.

"ಇಳಿಸೀನ್ರೀ ಸಾವ್ಕಾರ್ರ. ನಿಮ್ಮ ಗಾಡಿ ನಾನ ಇಳಿಸೀನಿ. ಕ್ಯಾಮೆರಾ ಹಿಂದಕ್ಕ ಕಟ್ಟಿದ್ರು. ಕಾಲುವಿ ಈ ತುದಿಯಿಂದ ಆ ತುದಿತನಕ ಓಡಿಸೀನಿ, ಗಾಲಿ ತೊಯ್ದಿಲ್ಲ." ಆಮೇಲೆ ರೈತನ ಕಡೆಗೆ ತಿರುಗಿದ: "ನಿನ್ನ ಗದ್ಯಾಗ ನೀರು ನಿಂತ್ರ ಜಗತ್ತೆಲ್ಲಾ ತೊಯ್ದೈತಿ ಅನ್ಕೊಂಡೀಯೇನಲೇ? ಮ್ಯಾಲೆ ಕುಂತು ತೂಬು ಒಡದು ಕುಡದವ್ರು ನೀವು. ನಮ್ಮ ಕಾಲುವ್ಯಾಗ ನಮ್ಮವ್ವ ಸೆಗಣಿ ಕುಳ್ಳು ಬಡದು ಒಣಗಸ್ತಾಳ. ಕಾರ್ ಬರಾಕ ಆ ಕುಳ್ಳು ತಗದು ದಂಡಿಗೆ ಹಾಕಿದಾಂವ ನಾನ!"

"ಚಾವಿ ಕೊಡು" ಎಂದರು ಸಾವ್ಕಾರರು.

ಅವನು ಕೊಟ್ಟ. ಅವರು ಅದನ್ನು ಅಂಗಿಯ ಜೇಬಿಗಿಳಿಸಿ ನಡೆದರು. ತಡೆಯುವವರು ಯಾರೂ ಇರಲಿಲ್ಲ. ಅವನ ಪರವಾಗಿ ನಾಲ್ಕು ಮಾತಾಡಬಹುದಾಗಿದ್ದ ಟ್ರ್ಯಾಕ್ಟರ್ ಚಾಲಕನಂತೂ ನಾಯಕನನ್ನು ಕಣ್ಣಾರೆ ಕಂಡೆಯಾ ಎಂದು ಕೇಳಲು ಹೊರಟ. ಉತ್ತರವಾಗಿ ಸಿಕ್ಕಿದ್ದು ಒಂದು ಬೈಗುಳ.

ಮುಂದಿನ ವಾರ ಒಂದು ವೀರಗಲ್ಲಿನ ಕೆಲಸದ ಮೇಲೆ ಅವನ ಊರಿಗೆ ಹೋದಾಗ ನಾನೂ ಗೆಳೆಯರೂ ಆ ಕಾಲುವೆಯನ್ನು ನೋಡಿದೆವು. ತಳದಲ್ಲಿ ಜಾಲಿಯ ಗಿಡಗಳೆದ್ದಿದ್ದವು. ಸಿಮೆಂಟಿನ ಇಳಿಜಾರಿನ ಮೇಲೆ ಕುಳ್ಳಿನ ದುಂಡು ಗುರುತುಗಳು ಸಾಲುಗಟ್ಟಿದ್ದವು. ಅದೇ ದಿನ ಸಿಂಧನೂರಿನ ಬಳಿ ಹಿರಿಯ ಕಾಲುವೆ ದಂಡೆಯುದ್ದ ತುಂಬಿ ಹರಿಯುತ್ತಿತ್ತು. ದಢೇಸುಗೂರಿನವನು ಬೇಕೆಂದೇ ಸುಳ್ಳಾಡಿದನೆಂದು ನಾನು ಭಾವಿಸುವುದಿಲ್ಲ. ಅಣೆಕಟ್ಟಿನಲ್ಲಿ ತೂಬು ಎತ್ತಿದರೆಂದರೆ ಮೇಲ್ಭಾಗದವರ ಲೆಕ್ಕದಲ್ಲಿ ನೀರು ಕಡೆಯ ಊರಿನವರೆಗೂ ಹೋಯಿತು. ಹೋಗಿ ನೋಡಿದವರು ಅವರಲ್ಲಿ ಯಾರೂ ಇಲ್ಲ. ಆದರೆ ಅಷ್ಟು ಹಗೆಯಿಂದ ಆಡಿದ ಅಜ್ಞಾನವನ್ನು ಕ್ಷಮಿಸಲು ನನಗೆ ಇಂದಿಗೂ ಕಾರಣ ಸಿಕ್ಕಿಲ್ಲ.

ಧಾರಾವಾಹಿ ಹೇಳಿದ ತಿಂಗಳಿಗೆ ಬರಲಿಲ್ಲ. ಅದು ಬರಲೇ ಇಲ್ಲವೆಂಬುದು ಗೆಳೆಯರ ನೆನಪು, ಅದು ತಪ್ಪು. ಮಳೆಗಾಲದ ನಾಟಿ ನಡೆದಿದ್ದಾಗ ಮೊದಲ ಸಂಚಿಕೆ ಬಂತು. ಕೆಸರುಗಾಲಿನಲ್ಲೇ ಬಂದು ಕುಳಿತವರಿಂದ ಹೋಟೆಲು ತುಂಬಿದ್ದುದನ್ನು ನಾನು ಕಂಡಿದ್ದೇನೆ. ಕೆಂಪು ಕಾರು ಇಳಿಜಾರುಗಳ ನಡುವೆ ಓಡಿತು. ಸಿಮೆಂಟಿನ ಮೇಲಿನ ದುಂಡು ಗುರುತುಗಳೂ ಕಂಡವು.

"ಇದು ನಮ್ಮ ಕಾಲುವಿ ಅಲ್ಲ, ಆಂಧ್ರದ್ದು" ಎಂದ ದಢೇಸುಗೂರಿನ ರೈತ. "ನಮ್ಮ ಕಾಲುವಿ ಹಿಂಗ ಒಣಗಿದ್ದು ಯಾರು ನೋಡ್ಯಾರ?"

ಅಲ್ಲ, ಅದು ಮಸ್ಕಿಯ ಹತ್ತಿರದ್ದೇ, ನಾನು ಹೋಗಿ ನೋಡಿದ್ದೇನೆ ಎಂದೆ. "ಸರ, ನೀವು ಕಲ್ಲು ಓದ್ರಿ, ಕಾಲುವಿ ನಮಗ ಬಿಡ್ರಿ" ಎಂದು ಅವನು ಟಿವಿಯ ದನಿ ಏರಿಸಿದ. ನಾಯಕ ಗೆದ್ದನೋ ಸೋತನೋ ನನಗೆ ನೆನಪಿಲ್ಲ. ಅಲ್ಲಿದ್ದವರು ಅದಕ್ಕಾಗಿ ಮತ್ತೆ ಬೈದಾಡಿಕೊಂಡರು.

ಚಾಲಕ ಆ ಹೊತ್ತಿಗೆ ಲಿಂಗಸುಗೂರಿನಲ್ಲಿ ಒಂದು ಲಾರಿಯ ಮೇಲೆ ಕೆಲಸಕ್ಕಿದ್ದ. ಮನೆಗೆ ಬರುತ್ತಿದ್ದುದು ಅಪರೂಪ. ಲಿಂಗಸುಗೂರಿನಲ್ಲೇ ಅವನು ಸಿಕ್ಕಾಗ, ಕಾಲುವೆ ಟಿವಿಯಲ್ಲಿ ಬಂತೆಂದೂ, ಹೋಟೆಲಿನವರು ಅದನ್ನು ಆಂಧ್ರದ್ದೆಂದು ತೀರ್ಮಾನಿಸಿದರೆಂದೂ ತಿಳಿಸಿದೆ. ಅವನು ಲೋಡಿನ ಹಗ್ಗ ಬಿಗಿಯುತ್ತಿದ್ದ, ಕೈ ನಿಲ್ಲಿಸಲಿಲ್ಲ.

"ಅನ್ಲಿ ಬಿಡ್ರಿ ಸರ. ನನ್ನ ನೌಕರಿ ಹೋಗಿದ್ದು ಆಂಧ್ರದಾಗಲ್ಲ."