ಮೂರು ತುಳಿತದ ಬ್ರೇಕು

ಅಜ್ಜಂಪುರದ ಕೊಬ್ಬರಿ ವ್ಯಾಪಾರಿ ಬಸವರಾಜಪ್ಪನವರ ಹಳೇ ಮಾರಿಸ್ ಕಾರು ಡ್ರೈವರ್ ರಂಗಪ್ಪನ ಕಾಲಿಗಲ್ಲದೆ ಬೇರೆ ಯಾರ ಕಾಲಿಗೂ ನಿಲ್ಲುತ್ತಿರಲಿಲ್ಲ. ಊರವರು ಅದನ್ನು ಚಳಕ ಅಂದರು. ಚಳಕವೂ ಇಲ್ಲ, ಮಣ್ಣೂ ಇಲ್ಲ. ಒಳಗೆ ರಬ್ಬರು ಸವೆದು ಬ್ರೇಕ್ ಆಯಿಲ್ ಸೋರುತ್ತಿತ್ತು. ಪೆಡಲನ್ನು ಮೂರು ಸಲ ತುಳಿದರೆ ಮಾತ್ರ ಹಿಡಿಯುತ್ತಿತ್ತು. ರಿಪೇರಿ ಮಾಡಿಸಿ ಅಂತ ಬಾಯಿಬಿಟ್ಟರೆ ಆ ಸೀಟಿನಲ್ಲಿ ಯಾರು ಬೇಕಾದರೂ ಕೂರಬಹುದಲ್ಲ! ರಂಗಪ್ಪ ಬಾಯಿಬಿಡಲಿಲ್ಲ. ಮನೆಯ ಮಕ್ಕಳನ್ನೆಲ್ಲ ಹಿಂದೆ ತುಂಬಿಕೊಂಡು ಹಾಗೇ ಓಡಿಸಿದ.

ಎಂಬತ್ತಾರನೇ ಇಸವಿಯಲ್ಲಿ ಸಾಹುಕಾರರಿಗೆ ಬೆಂಗಳೂರಿನ ಗೆಳೆಯರೊಬ್ಬರು ಸಿಲಿಕೋನ್ ಬ್ರೇಕ್ ಆಯಿಲ್ ಕೊಟ್ಟರು. ನೀರು ಹೀರುವುದಿಲ್ಲ, ಚೆಲ್ಲಿದರೂ ಪೇಂಟ್ ಕೀಳುವುದಿಲ್ಲ. ಹಳೇ ಆಯಿಲ್ ಜೊತೆ ಮಾತ್ರ ಬೆರೆಯಬಾರದು. ತರೀಕೆರೆಯಿಂದ ಮೆಕ್ಯಾನಿಕ್ ಮಲ್ಲಿಕಾರ್ಜುನ ಬಂದ. ಹಳೇದನ್ನೆಲ್ಲ ಬಸಿದು, ಪೈಪುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಗಾಳಿ ಊದಿ ಒಣಗಿಸಿ, ರಬ್ಬರುಗಳನ್ನೆಲ್ಲ ಹೊಸದಾಗಿ ಹಾಕಿದ. ನೇರಳೆ ಬಣ್ಣದ ಆಯಿಲನ್ನು ಗುಳ್ಳೆ ಏಳದಂತೆ ಮೆಲ್ಲಗೆ ಸುರಿದ. ಕೆಲಸ ಮುಗಿದಾಗ ಸಾಹುಕಾರರ ಹೆಂಡತಿ ಕಾಶಮ್ಮ ಅವನಿಗೆ ಜಗಲಿಯಲ್ಲಿ ಎಲೆ ಹಾಕಿ ಹೋಳಿಗೆ ಬಡಿಸಿದರು. ರಂಗಪ್ಪನಿಗೆ ಇಷ್ಟು ವರ್ಷ ಹೋಳಿಗೆ ಬಂದದ್ದು ಹಿತ್ತಲ ಬಾಗಿಲಿಂದ. ಹೊಟ್ಟೆಗೆ ಬೆಂಕಿ ಬಿತ್ತು.

ಮಾರನೇ ದಿನ ಓಡಿಸಿ ನೋಡಿದ. ಒಂದೇ ತುಳಿತಕ್ಕೆ ಕಾರು ಕಟ್ಟಿಹಾಕಿದ ಹಾಗೆ ನಿಂತಿತು. ಬಂದು ಹೇಳಿದ್ದೇ ಬೇರೆ: "ಪೆಡಲ್ಲು ಮೆತ್ತಗಾಗ್ಬಿಟ್ಟೈತೆ ಸಾವ್ಕಾರ್ರೇ. ಹಳೇ ಆಯಿಲ್ಲೇ ಹಾಕ್ಸಿ. ಜೀವದ ಪ್ರಶ್ನೆ."

ಜೀವದ ಪ್ರಶ್ನೆಯಂತೆ! ಅಷ್ಟು ವರ್ಷ ಮಕ್ಕಳ ಜೀವ ಎಲ್ಲಿತ್ತೋ.

ಸಾಹುಕಾರರು ಹೆದರಿ ಮಲ್ಲಿಕಾರ್ಜುನನನ್ನು ಕರೆಸಿದರು. ಅವನು ವಾದಕ್ಕಿಳಿಯಲಿಲ್ಲ, ಎಲ್ಲರೂ ಕೂತ್ಕೊಳ್ಳಿ, ಪಕ್ಕದ ಶಿವನಿ ಊರಿಗೆ ಹೋಗಿ ಬರೋಣ ಅಂದ. ದಂಪತಿಗಳು ಹಿಂದೆ ಕೂತರು. ರಂಗಪ್ಪ ಮೊದಲ ಸಲ ಎಡಗಡೆಯ ಸೀಟಿನಲ್ಲಿ ಕೂತ.

ಶಿವನಿಯ ರೈಲ್ವೆ ಗೇಟು ಇಳಿಯುತ್ತಿತ್ತು. ಮಲ್ಲಿಕಾರ್ಜುನ ಒಂದು ಸಲ ತುಳಿದ. ಕಾರು ನಿಂತಿತು. ಎಡಗಡೆ ಮಾತ್ರ ಧಡ್, ಧಡ್, ಧಡ್ ಅಂತ ಸದ್ದು. ಪೆಡಲಿಲ್ಲದ ಬರೀ ತಗಡನ್ನು ರಂಗಪ್ಪನ ಕಾಲು ತುಳಿಯುತ್ತಿತ್ತು.

"ಅದೇನ್ಲಾ, ಯಾರನ್ನ ಒದೀತಿದೀಯ?" ಅಂದರು ಸಾಹುಕಾರರು.

ಮಲ್ಲಿಕಾರ್ಜುನ ನಕ್ಕ. "ಸೋರೋ ಬ್ರೇಕನ್ನ ತುಳಿದೂ ತುಳಿದೂ ಆದ ಅಭ್ಯಾಸ ಸಾವ್ಕಾರ್ರೇ."

ಕಾಶಮ್ಮ ನಗಲಿಲ್ಲ. "ಹಂಗಾದ್ರೆ ನಿಂಗೆ ಗೊತ್ತಿತ್ತು ರಂಗಪ್ಪ. ಗೊತ್ತಿದ್ದೂ ನಮ್ಮ ಮಕ್ಳನ್ನ ಕೂರಿಸ್ಕಂಡು ಹೋಗ್ತಿದ್ದೆ."

ರೈಲು ಬಂತು, ಹೋಯಿತು. ಗೇಟು ಎದ್ದಾಗ ರಂಗಪ್ಪ ಬಾಗಿಲು ತೆಗೆದು, ಬಸ್ಸಿಗೆ ಬತ್ತೀನಿ ಅಂತ ಇಳಿದ. ಕಾರು ಅವನನ್ನು ಬಿಟ್ಟು ಮುಂದೆ ಹೋಯಿತು.

ಮುಂದಿನ ತಿರುವಿನಲ್ಲಿ ಕಾರಿನ ಹಿಂದಿನ ಕೆಂಪು ಬ್ರೇಕ್ ದೀಪ ಒಂದೇ ಸಲ ಹತ್ತಿ ಆರಿತು. ಅದನ್ನು ನೋಡಿಯೂ ರಂಗಪ್ಪನ ಹೊಟ್ಟೆ ಉರಿಯಿತು.