ಅಮ್ಮನಿಗೆ ಟಾಪ್ ಇಲ್ಲದ ಕಾರು

ನನ್ನ ಅಮ್ಮ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಮಾಟುಂಗಾದ ನಮ್ಮ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲಿ ಅವಳ ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ಒಂದು ಮೇಜು, ಗೋಡೆಗೆ ಅಂಟಿಸಿದ ಟ್ರಾಫಿಕ್ ಚಿಹ್ನೆಗಳ ಪಟ, ಹೊರಗೆ ಎಲ್ ಬೋರ್ಡ್ ಕಟ್ಟಿಕೊಂಡು ನಿಂತ ಒಂದು ಹಳೆಯ ಕಾರು, ಅಷ್ಟೇ. ಆ ಕಾರಿನ ಎಡಗಡೆಯ ಸೀಟಿನಲ್ಲಿ, ಕಲಿಸುವವರಿಗೆಂದೇ ಇರುವ ಇನ್ನೊಂದು ಜೊತೆ ಕ್ಲಚ್ಚು ಬ್ರೇಕುಗಳ ಮೇಲೆ ಕಾಲಿಟ್ಟುಕೊಂಡು, ಅಮ್ಮ ಹದಿನೆಂಟು ವರ್ಷ ಕೂತಿದ್ದಳು. ಗುಜರಾತಿ ಸೊಸೆಯರು, ತಮಿಳು ಡಾಕ್ಟರುಗಳು, ಮೊಮ್ಮಕ್ಕಳಿದ್ದ ಪಾರ್ಸಿ ಹೆಂಗಸರು, ಎಲ್ಲರೂ ಅವಳ ಕೈಕೆಳಗೆ ಕಲಿತವರೇ. ಅವರಲ್ಲಿ ಎಷ್ಟೋ ಜನ ಆಮೇಲೆ ಸ್ವಂತ ಕಾರು ಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಒಂದು ಸೈಕಲ್ಲೂ ಇರಲಿಲ್ಲ.

ಅಪ್ಪ ಫೋರ್ಟ್ ಏರಿಯಾದ ಒಂದು ಆಫೀಸಿನಲ್ಲಿ ಸ್ಟೆನೋ ಆಗಿದ್ದರು. ಬೆಳಿಗ್ಗೆ ಲೋಕಲ್ ರೈಲು, ಸಂಜೆ ಲೋಕಲ್ ರೈಲು. ಸ್ಕೂಲು ಶುರುಮಾಡಿದ ಹೊಸತರಲ್ಲಿ ಅಮ್ಮ ಅವರಿಗೂ ಕಲಿಸಲು ನೋಡಿದ್ದಳಂತೆ. ಮೂರನೆಯ ದಿನ ಅಪ್ಪ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿ, ಹೂವಿನವಳ ಬುಟ್ಟಿಯಿಂದ ಗೇಣು ದೂರದಲ್ಲಿ ನಿಂತರು. ಹೂವಿನವಳು ಬೈದದ್ದಕ್ಕಿಂತ ಅಮ್ಮ ಬೈದದ್ದು ಹೆಚ್ಚು. ಅಲ್ಲಿಗೆ ಅವರ ಕಲಿಕೆ ಮುಗಿಯಿತು.

ಎಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ಮಲಬಾರ್ ಹಿಲ್ ಕಡೆಯ ಒಬ್ಬ ಹೆಂಗಸು ಅಮ್ಮನ ಹತ್ತಿರ ಕಲಿಯಲು ಬಂದಳು. ಲೈಸೆನ್ಸ್ ಆದಮೇಲೆ, ತನ್ನದೇ ಕಾರಿನಲ್ಲಿ ನಾಲ್ಕು ದಿನ ಜೊತೆಗೆ ಕೂತುಕೊಳ್ಳಿ ಎಂದು ಕೇಳಿಕೊಂಡಳು. ಅದು ಟಾಪ್ ಇಲ್ಲದ, ಎರಡೇ ಸೀಟಿನ ಫಾರಿನ್ ಕಾರು. ಮೊದಲ ದಿನ ಅಮ್ಮ ಮನೆಗೆ ಬಂದಾಗ ಜಡೆ ಬಿಚ್ಚಿಹೋಗಿ, ಕೂದಲೆಲ್ಲ ಹುಲ್ಲಿನ ಬಣವೆಯಂತಾಗಿತ್ತು. ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ಬಂದು ನಿಂತಳು.

"ತಲೆ ಮೇಲೆ ಏನೂ ಇಲ್ಲ ಕಣೇ! ಬರೀ ಆಕಾಶ! ಪೆಡ್ಡರ್ ರೋಡಿನ ಮರಗಳೆಲ್ಲ ನಮ್ಮ ಮೇಲೇ ಓಡಿಹೋಗ್ತಾ ಇದ್ವು. ಅವಳು ಸ್ಟಿಯರಿಂಗ್ ಹಿಡಿದು ನಡುಗ್ತಾ ಇದ್ಲು, ಪಾಪ. ನಂಗೆ ಅವಳನ್ನ ಇಳಿಸಿ ನಾನೇ ಓಡಿಸಿಬಿಡೋಣ ಅನ್ನಿಸ್ತು."

ವಾರವಿಡೀ ಅದೇ ಮಾತು. ಅಪ್ಪ ಪೇಪರಿನ ಹಿಂದಿನಿಂದ "ಹೂಂ, ಹೂಂ" ಅನ್ನುತ್ತಿದ್ದರು. ಕೇಳಿಸಿಕೊಳ್ಳುತ್ತಿಲ್ಲ ಎಂದೇ ನಾನು ಭಾವಿಸಿದ್ದೆ. ಭಾನುವಾರ ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಅವರು ಜೇಬಿನಿಂದ ಒಂದು ಪೇಪರ್ ಕಟಿಂಗ್ ತೆಗೆದು ನನ್ನ ಕೈಗಿಟ್ಟರು. 'ಓಪನ್ ಟೂ ಸೀಟರ್, ಗುಡ್ ಕಂಡೀಶನ್, ಗ್ರಾಂಟ್ ರೋಡ್.'

"ಅಪ್ಪ!"

"ಕೂಗಬೇಡ. ಅವಳಿಗೆ ಗೊತ್ತಾಗಬಾರದು. ನಿನ್ನ ಸಂಬಳ ನನ್ನ ಸಂಬಳ ಸೇರಿಸಿದ್ರೆ ಹಳೇದೊಂದು ಆಗತ್ತೆ. ಚಪ್ಪಲಿ ಹಾಕ್ಕೋ."

ಒಂದು ಛತ್ರಿ ಕೊಳ್ಳಬೇಕಾದರೂ ಮೂರು ಅಂಗಡಿ ಸುತ್ತುವ ಮನುಷ್ಯ! ಲೈಬ್ರರಿಗೆ ಹೋಗಿಬರುತ್ತೇವೆ ಎಂದು ಬಚ್ಚಲಮನೆಯ ಬಾಗಿಲಿಗೆ ಕೂಗಿ ಹೇಳಿ, ನಾವಿಬ್ಬರೂ ಕಳ್ಳರಂತೆ ಮೆಟ್ಟಿಲಿಳಿದೆವು. ನನಗಾಗ ಇಪ್ಪತ್ತಮೂರು. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನನ್ನ ಎದೆ ಹೊಡೆದುಕೊಂಡ ರೀತಿಗೆ, ನಮ್ಮ ಹತ್ತಿರ ಆಗಲೇ ಕಾರಿನ ಚಾವಿ ಇದೆಯೇನೋ ಅನ್ನಬೇಕು.

ಗ್ರಾಂಟ್ ರೋಡಿನ ವಿಳಾಸ ಒಂದು ಉಡುಪಿ ಹೋಟೆಲಿನದಾಗಿತ್ತು. ಮಾಲೀಕರು ಗಲ್ಲಾದಿಂದ ಎದ್ದು ನಮ್ಮನ್ನು ಹಿಂದಿನ ಕಾಂಪೌಂಡಿಗೆ ಕರೆದುಕೊಂಡು ಹೋದರು. ಈರುಳ್ಳಿ ಮೂಟೆಗಳ ಪಕ್ಕದಲ್ಲಿ, ನಾಲ್ಕು ಇಟ್ಟಿಗೆಗಳ ಮೇಲೆ ಒಂದು ನೀಲಿ ಕಾರು ಕೂತಿತ್ತು. ಅಪ್ಪ ಅದರ ಸುತ್ತ ಎರಡು ಬಾರಿ ಗಂಭೀರವಾಗಿ ತಿರುಗಿದರು. ಬಾನೆಟ್ ಎತ್ತಿ ಬಗ್ಗಿ ನೋಡಿದವರು ಹಾಗೇ ನಿಂತರು.

"ಇದರ ಎಂಜಿನ್ ಎಲ್ಲಿ?"

"ಅದು ರಿಪೇರಿಗೆ ಹೋಗಿದೆ ಮಾರಾಯ್ರೆ."

"ಯಾವಾಗ ಬರತ್ತೆ?"

"ಹೋಗಿ ಆರು ವರ್ಷ ಆಯ್ತು. ಇನ್ನು ಬರ್ಲಿಕ್ಕುಂಟು."

ನಗು ತಡೆಯಲಾಗದೆ ನಾನು ಮೂಟೆಗಳ ಆಚೆ ಹೋಗಿ ನಿಂತೆ. ಪುಣ್ಯಾತ್ಮರು ನಮ್ಮನ್ನು ಸುಮ್ಮನೆ ಕಳಿಸಲಿಲ್ಲ. ಬಿಸಿ ಗೋಳಿಬಜೆ, ಕಾಫಿ ಕೊಟ್ಟು, ದುಡ್ಡು ಮುಟ್ಟಲಿಲ್ಲ.

ಎರಡನೆಯದು ನೋಡಿದ್ದು ಮುಂದಿನ ಭಾನುವಾರ, ಪರೇಲ್‌ನಲ್ಲಿ, ಮಿಲ್ಲಿನ ಗೋಡೆಗೆ ಒರಗಿಕೊಂಡಿದ್ದ ಒಂದು ಗ್ಯಾರೇಜಿನಲ್ಲಿ. ಕುಂಕುಮದಂಥ ಕೆಂಪು! ಮುಖ ಕಾಣುವಂಥ ಹೊಳಪು. ಅಪ್ಪ ಬಾಗಿಲಿನಲ್ಲಿ ತಮ್ಮ ಪ್ರತಿಬಿಂಬ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಏಕ್‌ದಮ್ ಫಸ್ಟ್ ಕ್ಲಾಸ್ ಸಾಬ್," ಎಂದ ಗ್ಯಾರೇಜಿನವನು. "ಚಾಬಿ ಲಗಾವೋ, ಲೋನಾವಳಾ ಜಾವೋ."

"ಇದೇ ಆಗಲಿ," ಎಂದು ಅಪ್ಪ ನನ್ನ ಕಿವಿಯಲ್ಲಿ ಹೇಳಿಯೇಬಿಟ್ಟರು. ನಾನೂ ಅಷ್ಟರಲ್ಲಿ ಮನಸ್ಸಿನಲ್ಲೇ ಅಮ್ಮನನ್ನು ಅದರಲ್ಲಿ ಕೂರಿಸಿಯಾಗಿತ್ತು. ಆದರೆ ನನ್ನ ಪರ್ಸಿನಲ್ಲಿ ಒಂದು ಮ್ಯಾಗ್ನೆಟ್ ಇತ್ತು. ಹಳೆಯ ಕಾರು ಕೊಳ್ಳಲು ಹೊರಟ ಶಿಷ್ಯೆಯರಿಗೆಲ್ಲ ಅಮ್ಮ ಹೇಳುತ್ತಿದ್ದ ಮಾತು ಸಾವಿರ ಸಲ ನನ್ನ ಕಿವಿಗೆ ಬಿದ್ದಿತ್ತು: ಬಣ್ಣ ನೋಡಬೇಡಿ, ಮ್ಯಾಗ್ನೆಟ್ ಇಟ್ಟು ನೋಡಿ. ಕಬ್ಬಿಣದ ತಗಡಾದರೆ ಹಿಡಿಯುತ್ತೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಹಿಡಿಯೋದಿಲ್ಲ. ನಮ್ಮ ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಅದನ್ನು ನಾನೇ ಕಿತ್ತಿದ್ದೆ.

ಕರ್ಚೀಫಿನಲ್ಲಿ ಸುತ್ತಿದ್ದ ಮ್ಯಾಗ್ನೆಟ್ಟನ್ನು ಬಾಗಿಲಿಗೆ ಹಚ್ಚಿ ಕೈಬಿಟ್ಟೆ. ತಪ್ ಎಂದು ಕೆಳಗೆ ಬಿತ್ತು. ಮಡ್‌ಗಾರ್ಡಿಗೆ ಹಚ್ಚಿದೆ, ಬಿತ್ತು. ಹಿಂಭಾಗಕ್ಕೆ ಹಚ್ಚಿದೆ, ಅಲ್ಲೂ ಬಿತ್ತು. ಗ್ಯಾರೇಜಿನವನು ಒಂದು ಸಲ ನನ್ನನ್ನು, ಒಂದು ಸಲ ನೆಲದ ಮೇಲಿದ್ದ ಮ್ಯಾಗ್ನೆಟ್ಟನ್ನು ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಆಪ್‌ಕೀ ಬೇಟಿ ಮೆಕ್ಯಾನಿಕ್ ಹೈ ಕ್ಯಾ?" ಎಂದು ಕೇಳಿದ.

"ಇಸ್‌ಕೀ ಮಾ ಹೈ," ಎಂದರು ಅಪ್ಪ. ಅಷ್ಟು ಹೆಮ್ಮೆಯಿಂದ ಅವರು ಹಿಂದಿ ಮಾತಾಡಿದ್ದನ್ನು ನಾನು ಬೇರೆಂದೂ ಕೇಳಿಲ್ಲ.

ಹೀಗೆ ಐದಾರು ಭಾನುವಾರ ಸುತ್ತಿದೆವು. ನಾವು ಲೈಬ್ರರಿಯಲ್ಲಿ ಏನು ಓದುತ್ತಿದ್ದೇವೆ ಎಂದು ಅಮ್ಮ ಕೇಳತೊಡಗಿದಳು. ಇನ್ನು ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಅಪ್ಪನಿಗೆ ಆಫೀಸಿನವರೊಬ್ಬರು ಬಾಂದ್ರಾದ ಒಂದು ಮನೆಯ ದಾರಿ ಹೇಳಿದರು. ಮಂಗಳೂರಿನ ಕಡೆಯ ಕ್ರಿಶ್ಚಿಯನ್ನರು, ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ರಿಟೈರಾದವರು, ಒಬ್ಬರೇ ಇರುತ್ತಾರೆ. ಸಮುದ್ರಕ್ಕೆ ಹತ್ತಿರದ ಗಲ್ಲಿಯಲ್ಲಿ ಹೆಂಚಿನ ಮನೆ. ಅಂಗಳದಲ್ಲಿ ಬಾದಾಮಿ ಮರದ ಕೆಳಗೆ ತಾಡಪಾಲು ಹೊದ್ದ ಏನೋ ಒಂದು.

ಅವರು ಕೋಲೂರಿಕೊಂಡು ಬಂದು ತಾಡಪಾಲು ಎಳೆದರು. ಒಣ ಎಲೆ, ಧೂಳು, ಒಂದು ಬೆಕ್ಕು, ಎಲ್ಲ ಒಟ್ಟಿಗೇ ಹೊರಬಿದ್ದವು. ಒಳಗಿದ್ದದ್ದು ಮಜ್ಜಿಗೆ ಬಣ್ಣದ ಪುಟ್ಟ ಕಾರು. ಹೊಳಪು ಎಂದೋ ಹೋಗಿತ್ತು. ಹಿಂದೆ ಮಡಿಸಿಟ್ಟ ಬಟ್ಟೆಯ ಹುಡ್ ಹರಿದು ಚಿಂದಿಯಾಗಿತ್ತು. ಅಪ್ಪನ ಮುಖ ಸಪ್ಪಗಾಯಿತು. ನಾನು ಮ್ಯಾಗ್ನೆಟ್ ತೆಗೆದೆ.

ಟಕ್! ಎಳೆದು ಕೀಳಬೇಕಾಯಿತು. ಇನ್ನೊಂದು ಕಡೆ, ಟಕ್! ಬಾಗಿಲು, ಬಾನೆಟ್ಟು, ನಾಲ್ಕೂ ಮಡ್‌ಗಾರ್ಡು. ಹಚ್ಚಿದಲ್ಲೆಲ್ಲ ಕಚ್ಚಿ ಹಿಡಿಯಿತು. ನಾನು ಕುಣಿಯುವುದೊಂದು ಬಾಕಿ.

ಯಜಮಾನರು ಚಾವಿ ತಿರುಗಿಸಿದರು. ಒಂದೆರಡು ಬಾರಿ ಕೆಮ್ಮಿ ಎಂಜಿನ್ನು ಹೊತ್ತಿಕೊಂಡಿತು. ಆ ಸದ್ದು ಅಂಗಳದ ಕಲ್ಲುಗಳ ಮೂಲಕ ನನ್ನ ಅಂಗಾಲಿಗೆ ಬಂತು. "ವಾರಕ್ಕೆ ಎರಡು ಸಲ ಸ್ಟಾರ್ಟ್ ಮಾಡ್ತೇನೆ," ಎಂದರು. "ನನ್ನ ಮೊಣಕಾಲು ಹೋಯ್ತು. ಇದರ ಕ್ಲಚ್ ಒತ್ತಲಿಕ್ಕೆ ಆಗುದಿಲ್ಲ. ಅದಕ್ಕೆ ಕೊಡುದು. ಓಡಿಸುದು ಯಾರು? ನೀವಾ?"

"ನಾನಲ್ಲ, ನನ್ನ ಹೆಂಡತಿ," ಎಂದರು ಅಪ್ಪ.

"ಹಾಗಾದ್ರೆ ಅವರನ್ನು ಕರ್ಕೊಂಡು ಬನ್ನಿ. ಓಡಿಸುವವರನ್ನು ನೋಡದೆ ನಾನು ಇದನ್ನು ಕೊಡುದಿಲ್ಲ. ಮೂರು ಜನರನ್ನು ಆಗಲೇ ವಾಪಸ್ ಕಳಿಸಿದ್ದೇನೆ."

ಗುಟ್ಟು ಒಡೆಯುವುದು ಅಪ್ಪನಿಗೆ ಇಷ್ಟವಿರಲಿಲ್ಲ. ಅಂಗಳದಲ್ಲೇ ನಿಂತು ಒಂದು ಉಪಾಯ ಹೂಡಿದರು: ಬಾಂದ್ರಾದಲ್ಲಿ ಒಬ್ಬ ವಯಸ್ಸಾದವರು ಕಾರು ಕಲಿಯಬೇಕಂತೆ ಎಂದು ಹೇಳಿ ಕರೆತರುವುದು. ಯಜಮಾನರು ಕೆಮ್ಮು ಬರುವವರೆಗೆ ನಕ್ಕರು. "ಮೂವತ್ತು ವರ್ಷ ಹಡಗಿನ ಎಂಜಿನ್ ನೋಡಿಕೊಂಡವ ನಾನು! ನನಗೆ ಕಾರು ಕಲಿಸ್ಲಿಕ್ಕೆ ಬರ್ತಾರಾ? ಬರ್ಲಿ, ಬರ್ಲಿ."

ಮುಂದಿನ ಭಾನುವಾರ ಅಮ್ಮ ಪಾಠಕ್ಕೆ ಹೋಗುವ ವೇಷದಲ್ಲೇ ಹೊರಟಳು. ಕಾಟನ್ ಸೀರೆ, ಸೆರಗು ಸೊಂಟಕ್ಕೆ, ಕಾಲಿಗೆ ಕ್ಯಾನ್ವಾಸ್ ಶೂ. ನಾವೂ ಜೊತೆಗೆ ಹೊರಟದ್ದು ಅವಳಿಗೆ ವಿಚಿತ್ರವಾಗಿ ಕಂಡಿತು.

"ನೀವ್ಯಾಕ್ರೀ ಬರ್ತಿದೀರಿ?"

"ಬಾಂದ್ರಾದಲ್ಲಿ ಗಾಳಿ ಚೆನ್ನಾಗಿದೆ," ಎಂದರು ಅಪ್ಪ.

ಅಂಗಳಕ್ಕೆ ಕಾಲಿಟ್ಟವಳು ಕಾರು ನೋಡಿ ಅರ್ಧ ಮಾತಿನಲ್ಲಿ ನಿಂತಳು. ಯಜಮಾನರು ಅಂದು ಅದನ್ನು ತೊಳೆಸಿದ್ದರು. ಅಮ್ಮ ಒಂದು ಕ್ಷಣ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕೂಡಲೇ ಟೀಚರಾಗಿ, ಎಡಗಡೆಯ ಬಾಗಿಲಿನ ಹತ್ತಿರ ಹೋಗಿ ಹಿಡಿಗೆ ಕೈಹಾಕಿದಳು.

"ಅಲ್ಲಿ ಅಲ್ಲ ಅಮ್ಮ. ಈಚೆ ಬನ್ನಿ," ಎಂದು ಅವರು ಸ್ಟಿಯರಿಂಗ್ ಇದ್ದ ಕಡೆಯ ಬಾಗಿಲು ತೆರೆದರು.

"ಪಾಠ ನಿಮಗಲ್ವಾ ಸಾರ್?"

"ಪಾಠವೂ ಇಲ್ಲ ಎಂತದೂ ಇಲ್ಲ. ನಿಮಗೆ ಕೊಡಿಸ್ಲಿಕ್ಕೆ ಅಂತ ನಿಮ್ಮವರು ಈ ಗಾಡಿ ನೋಡಿ ಹೋಗಿದ್ದಾರೆ."

ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಬಾದಾಮಿ ಮರದ ಕೊಂಬೆಗಳನ್ನು ಎಣಿಸುತ್ತಿದ್ದರು. ನನ್ನ ಕಡೆ ತಿರುಗಿದಳು. ನಗುವೂ ಅಳುವೂ ಒಟ್ಟಿಗೆ ಬಂದು ನಾನು ಕರ್ಚೀಫ್ ಹುಡುಕುತ್ತಿದ್ದೆ. ಅಮ್ಮ ಅಳಲಿಲ್ಲ. ಬಳೆಗಳನ್ನು ಮೊಣಕೈವರೆಗೆ ಸರಿಸಿ, "ಬಾನೆಟ್ ಎತ್ತಿ ಸಾರ್," ಎಂದಳು.

ಅರ್ಧ ಗಂಟೆ ಅವಳು ಆ ಕಾರನ್ನು ಬಿಡಲಿಲ್ಲ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿಕೊಂಡು ಮೂಸಿದಳು. ಕಾಲಡಿಯ ಮ್ಯಾಟ್ ಎತ್ತಿ ನೆಲ ತಟ್ಟಿದಳು. ಕೊನೆಗೆ ಪೇಪರ್ ಹಾಸಿ ಮಲಗಿ ಕಾರಿನ ಕೆಳಗೂ ತೂರಿಕೊಂಡಳು. ಹೊರಗೆ ಕಾಣುತ್ತಿದ್ದದ್ದು ಎರಡು ಕ್ಯಾನ್ವಾಸ್ ಶೂ ಮಾತ್ರ. ಅಲ್ಲಿಂದಲೇ ಪ್ರಶ್ನೆಗಳು ಬರುತ್ತಿದ್ದವು. ಯಜಮಾನರು ಪರೀಕ್ಷೆಗೆ ಕೂತ ಹುಡುಗನ ಹಾಗೆ ಉತ್ತರ ಕೊಡುತ್ತಿದ್ದರು.

ಆಮೇಲೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇಟು ದಾಟಿ ಹೋದಳು. ನಾವಿಬ್ಬರೂ ಕಾಂಪೌಂಡಿನ ಮೋಟುಗೋಡೆಯ ಮೇಲೆ ಕೂತೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. "ಗೇರ್ ಬೇರೆ ಥರ ಇರತ್ತೇನೋ," ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೆ ಹಿಡಿಸದೆ ಹೋದ್ರೆ?" ಎಂದರು. ಅಷ್ಟರಲ್ಲಿ ಸಮುದ್ರದ ಕಡೆಯಿಂದ ಆ ಎಂಜಿನ್ನಿನ ಸದ್ದು ಕೇಳಿಸಿತು. ನಾನು ಗೋಡೆಯಿಂದ ಹಾರಿದೆ.

ಮೊದಲು ಇಳಿದದ್ದು ಯಜಮಾನರು. "ನನ್ನ ಕೈಯಲ್ಲಿ ಈ ಗಾಡಿ ಹೀಗೆ ಓಡ್ಲೇ ಇಲ್ಲ ಮಾರಾಯ್ರೆ," ಎಂದರು ಅಪ್ಪನ ಭುಜ ಹಿಡಿದುಕೊಂಡು. ಅಮ್ಮನ ಕೆನ್ನೆ ಕೆಂಪಾಗಿತ್ತು. ಮುಖ ಮಾತ್ರ ಬಿಗಿ.

"ಬ್ರೇಕ್ ಸಾಲದು," ಎಂದಳು. "ಎರಡನೇ ಗೇರು ತಕರಾರು ಮಾಡತ್ತೆ. ಹುಡ್ ಹೊಸದು ಹೊಲಿಸಬೇಕು. ಎಡಗಡೆ ಹಿಂದಿನ ಟೈರು ಬೋಳು."

ಅಪ್ಪ ಕುಗ್ಗಿಹೋದರು. "ಹಾಗಾದ್ರೆ ಬೇಡ ಅಂತೀಯಾ?"

"ಬೇಡ ಅಂದ್ನಾ ನಾನು?" ಅವಳ ದನಿ ಅಲ್ಲಿಗೆ ಒಡೆಯಿತು. "ಬೇಡ ಅಂದ್ನಾ?"

ಬ್ರೇಕು ಸರಿಯಾಗುವವರೆಗೆ ಕಾರು ತರಕೂಡದೆಂದು ಅವಳೇ ಹಟ ಹಿಡಿದಳು. ಹದಿನೈದು ದಿನ ಹಿಡಿಯಿತು. ತರುವ ದಿನ ಮೂವರೂ ಹೋದೆವು. ಸೀಟು ಇದ್ದದ್ದು ಎರಡೇ ಎಂಬುದು ಅಂಗಳದಲ್ಲಿ ನಿಂತಾಗಲೇ ನಮಗೆ ಹೊಳೆದದ್ದು. ಅಪ್ಪನನ್ನು ಹತ್ತಿಸಿ ನಾನು ಸ್ಟೇಷನ್ನಿಗೆ ನಡೆದು ಲೋಕಲ್ ಹಿಡಿದೆ. ಬಿಲ್ಡಿಂಗಿನ ಗೇಟಿಗೆ ಬಂದು ನೋಡಿದರೆ ಅವರಿನ್ನೂ ಬಂದಿರಲಿಲ್ಲ. ಸುದ್ದಿ ಹೇಗೋ ಹಬ್ಬಿ, ಗ್ಯಾಲರಿಗಳಲ್ಲೆಲ್ಲ ಜನ. ಕೆಳಗಿನ ಮನೆಯ ಮಾಮಿ, "ಮಳೆಗಾಲದಲ್ಲಿ ಏನ್ ಮಾಡ್ತಾರೆ?" ಎಂದು ಮೂರು ಸಲ ಕೇಳಿದರು. ಮುಕ್ಕಾಲು ಗಂಟೆ ಕಳೆಯಿತು. ಬ್ರೇಕಿನ ಯೋಚನೆ ಬಂದು ನಾನು ತಿರುವಿನವರೆಗೆ ನಡೆದು, ನೋಡಿ, ವಾಪಸ್ ಬಂದೆ.

ಆಗ ಹಾರ್ನು! ಮಜ್ಜಿಗೆ ಬಣ್ಣದ ಕಾರು ತಿರುವಿನಲ್ಲಿ ಕಾಣಿಸಿಕೊಂಡಿತು. ಅಮ್ಮ ತಲೆಗೆ ಕರ್ಚೀಫ್ ಕಟ್ಟಿದ್ದಳು. ಪಕ್ಕದಲ್ಲಿ ಅಪ್ಪ, ಎಂದೂ ಬೈತಲೆ ಕೆಡದ ಅಪ್ಪ, ಉಳಿದ ನಾಲ್ಕು ಕೂದಲೂ ನೆಟ್ಟಗೆ ನಿಂತು, ಕನ್ನಡಕ ಕೈಯಲ್ಲಿ ಹಿಡಿದು ಹುಡುಗನಂತೆ ನಗುತ್ತಿದ್ದರು.

"ಮಾಹಿಮ್ ದಾಟಿದ ಮೇಲೆ ಮನೆ ಕಡೆ ತಿರುಗಲೇ ಇಲ್ಲ ಕಣೇ ಇವಳು," ಎಂದು ದೂರಿದರು. "ವರ್ಲಿ ಸೀಫೇಸ್ ತನಕ ಹೋಗಿ ಬಂದ್ವಿ. ಎರಡು ಸಲ!"

ಮಾಮಿಯ ಪ್ರಶ್ನೆಗೆ ಅಮ್ಮನ ಹತ್ತಿರ ಉತ್ತರ ಇತ್ತು: ನಾಲ್ಕು ತಿಂಗಳು ಮುಚ್ಚಿಡೋದು, ಎಂಟು ತಿಂಗಳು ಓಡಿಸೋದು. ಮುಂದಿನ ಏಳು ವರ್ಷ ಹಾಗೆಯೇ ಮಾಡಿದಳು. ಹಗಲೆಲ್ಲ ಸ್ಕೂಲಿನ ಕಾರು, ಸಂಜೆ ತನ್ನ ಕಾರು. ಯಾವ ಶಿಷ್ಯೆಗೂ ಅದರ ಸ್ಟಿಯರಿಂಗ್ ಮುಟ್ಟಲು ಬಿಡಲಿಲ್ಲ. ಬಾಂದ್ರಾದ ಯಜಮಾನರನ್ನು ಮಾತ್ರ ತಿಂಗಳಿಗೊಮ್ಮೆ ಕೂರಿಸಿಕೊಂಡು ಸಮುದ್ರದ ಪಕ್ಕ ಸುತ್ತಾಡಿಸಿ ಬರುತ್ತಿದ್ದಳು.

ಆ ದಿನ ಅಪ್ಪ ಇನ್ನೂ ಇಳಿಯುತ್ತಿದ್ದರು. ಅಮ್ಮ ಎಂಜಿನ್ ನಿಲ್ಲಿಸಿರಲಿಲ್ಲ.

"ಬೇಗ ಇಳೀರೀ," ಎಂದಳು ಅವರಿಗೆ. ಆಮೇಲೆ ನನ್ನ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀಯ? ಹತ್ತು!" ಎಂದಳು.

ಕಿಂಗ್ಸ್ ಸರ್ಕಲ್ ಸುತ್ತ ಮೂರು ಸುತ್ತು ಹಾಕಿದೆವು. ಡಬಲ್ ಡೆಕ್ಕರ್ ಬಸ್ಸಿನ ಮಹಡಿಯಿಂದ ಜನ ನಮ್ಮನ್ನು ನೇರವಾಗಿ ಕೆಳಗೆ ನೋಡಿ ಕೈಬೀಸಿದರು. ನಾನು ಕತ್ತೆತ್ತಿ ಇಬ್ಬರ ಪರವಾಗಿಯೂ ಕೈಬೀಸಿದೆ. ಅಮ್ಮನ ಎರಡೂ ಕೈ ಸ್ಟಿಯರಿಂಗ್ ಮೇಲಿದ್ದವು.