ಒಂದು ಹನಿಯೂ ನಿಲ್ಲದ ಬಡಾವಣೆ

ಮಳೆ ನಿಂತ ಕೂಡಲೇ ನಮ್ಮ ಬಡಾವಣೆಯ ಗೃಹಸ್ಥರೆಲ್ಲ ಧೋತರವನ್ನು ಮೊಳಕಾಲಿಗೆ ಎತ್ತಿ ಹಿಡಿದು ಹೊರಗೆ ಬಂದು, ರಸ್ತೆಯನ್ನು ನೋಡುತ್ತ ನಿಲ್ಲುವುದು ಒಂದು ರೂಢಿ. ಎತ್ತುವ ಅಗತ್ಯವೇನೂ ಇಲ್ಲ, ರಸ್ತೆಯಲ್ಲಿ ನೀರೇ ಇರುವುದಿಲ್ಲ. ಆದರೆ ಹಳೇ ಗದಗಿನ ಕೆಸರು ಓಣಿಗಳಲ್ಲಿ ಬೆಳೆದ ಕೈಗಳು ಸಿಮೆಂಟನ್ನು ಇನ್ನೂ ಪೂರ್ತಿ ನಂಬಿಲ್ಲ. ಆಗ ಪಕ್ಕದ ಮನೆಯ ದೇಸಾಯರು, ಬಡಾವಣೆಯ ಸಂಘಕ್ಕೆ ಅಧ್ಯಕ್ಷರು, ಗಟಾರವನ್ನು ತಾವೇ ಸಾಕಿ ಬೆಳೆಸಿದವರಂತೆ ವಾತ್ಸಲ್ಯದಿಂದ ನೋಡಿ ಕೇಳುತ್ತಾರೆ: "ನೋಡ್ರಿ ಮಾಸ್ತರ್ರ, ಒಂದು ಹನಿ ನಿಂತೈತೇನು?" ನಿಂತಿಲ್ಲ. ಆ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಯಾಕೆಂದು ಹೇಳಲು, ಓದುಗ ಮಹಾಶಯರೇ, ನಿಮ್ಮನ್ನು ಸ್ವಲ್ಪ ಕೆಳಗೆ ಕರೆದುಕೊಂಡು ಹೋಗಬೇಕು.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ನೀರು ಇಳಿಜಾರು ಹಿಡಿದು ಹೋಗುತ್ತದೆಂದು ಎಷ್ಟು ತರಗತಿಗಳ ಮುಂದೆ ಒದರಿದ್ದೇನೋ. ಇಳಿಜಾರಿನ ಕೊನೆಗೆ ಯಾರ ಮನೆಯಿದೆ ಎಂಬ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ನನಗೂ ಹೊಳೆದಿರಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಈ ಬಡಾವಣೆ ಇನ್ನೂ ಎರೆಹೊಲವಾಗಿತ್ತು. ಇಲ್ಲಿ ಬಿದ್ದ ಮಳೆ ಒಡ್ಡಿನಿಂದ ಒಡ್ಡಿಗೆ ತಡೆದು ತಡೆದು, ನೆಲದ ಬಿರುಕುಗಳನ್ನೆಲ್ಲ ತುಂಬಿಸಿ, ಉಳಿದದ್ದಷ್ಟೇ ಮರುದಿನ ಸಾವಕಾಶವಾಗಿ ಕೆಳಗಿನ ಹಳ್ಳಕ್ಕೆ ಇಳಿಯುತ್ತಿತ್ತು. ಬೆಟಗೇರಿಯ ನೇಕಾರರ ಓಣಿಯ ಹಿಂದೆ ಹಾಯುವ ಆ ಹಳ್ಳ ದೀಪಾವಳಿ ಕಳೆದರೂ ಪಾದ ಮುಳುಗುವಷ್ಟು ತಿಳಿನೀರು ಇಟ್ಟುಕೊಂಡಿರುತ್ತಿತ್ತು. ಹೆಂಗಸರು ಅಲ್ಲೇ ನೂಲು ತೊಳೆಯುತ್ತಿದ್ದರು. ಆಮೇಲೆ ಹೊಲ ಹೋಗಿ ಪ್ಲಾಟುಗಳಾದವು, ಒಡ್ಡು ಹೋಗಿ ಕಂಪೌಂಡುಗಳಾದವು, ಅಂಗಳಗಳಿಗೆ ಫರಸಿಕಲ್ಲು ಬಂತು, ರಸ್ತೆಯ ಬದಿಗೆ ಹಳ್ಳದವರೆಗೆ ನೆಟ್ಟಗೆ ಸಿಮೆಂಟಿನ ಗಟಾರ ಬಂತು. ಈಗ ಮಳೆ ಹತ್ತಿ ಒಂದು ಕಪ್ಪು ಚಹಾ ಕುಡಿಯುವುದರೊಳಗೆ ಹಳ್ಳ ದಂಡೆ ಮೀರಿ ಹರಿಯುತ್ತದೆ. ಮರುದಿನ ನೋಡಿದರೆ ಬರೀ ಕಲ್ಲು, ಚಿಂದಿ ಮತ್ತು ಯಾರದೋ ಚಪ್ಪಲಿ. ಇದನ್ನು ನಾವು ಅಭಿವೃದ್ಧಿ ಎಂದು ಕರೆದು ಪೇಢೆ ಹಂಚಿದ್ದೇವೆ.

ನನ್ನ ಜ್ಞಾನೋದಯಕ್ಕೆ ಕಾರಣ ಪುಸ್ತಕವಲ್ಲ, ಹೆಂಡತಿಯ ಸೀರೆ. ತಂಗಿಯ ಮದುವೆಗೆಂದು ಅವಳು ನೀಲವ್ವನ ಹತ್ತಿರ ಒಂದು ಸೀರೆ ನೇಯಲು ಹೇಳಿದ್ದಳು. ನೀಲವ್ವ ಹಳ್ಳದ ಕಡೆಯ ಕೊನೆಯ ಮನೆಯವಳು. ಗಂಡ ತೀರಿದ ಮೇಲೆ ಅವನ ಕುಣಿಮಗ್ಗಕ್ಕೆ ತಾನೇ ಕುಳಿತು ಮನೆ ನಡೆಸಿದವಳು. ಕುಣಿಮಗ್ಗವೆಂದರೆ, ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತ ನೇಯುವ ಮಗ್ಗ. ಒಂದು ಸಂಜೆ ದೊಡ್ಡ ಮಳೆ ನಿಂತ ಮೇಲೆ ಸೀರೆಯ ಖಬರು ಕೇಳಲು ಹೋದೆ. ಹಿಂದಿನ ಗೋಡೆಯ ಬುಡದಿಂದ ಹಳ್ಳದ ನೀರು ಒಳಗೆ ನುಗ್ಗಿ ಕುಣಿಯ ತುಂಬ ಬಗ್ಗಡ ನಿಂತಿತ್ತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳಿಗೆ ಹಚ್ಚಿದ ಗಂಜಿ ಕರಗಿ, ಎಳೆಗೆ ಎಳೆ ಅಂಟಿಕೊಂಡು ಜೋತು ಬಿದ್ದಿದ್ದವು. ನೀಲವ್ವ ಬೋಗುಣಿಯಿಂದ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದಳು.

"ಮ್ಯಾಲೆ ಮಳಿ ಭಾಳ ಆತೇನ್ರಿ?" ಎಂದಳು.

ನನ್ನ ಸುಡುಗಾಡು ನಾಲಿಗೆ, ಅಭ್ಯಾಸಬಲದಿಂದ, "ಆತವ್ವ, ಖರೆ ನಮ್ಮಲ್ಲೆ ಒಂದು ಹನಿ ನಿಂದ್ರೂದಿಲ್ಲ" ಎಂದುಬಿಟ್ಟಿತು.

ಅವಳು ತುಂಬಿದ ಬೋಗುಣಿಯನ್ನು ನನ್ನ ಮುಂದೆ ಹಿಡಿದಳು. "ಅದ ನೋಡ್ರಿ ಇದು. ಇಲ್ಲಿಗೆ ಬಂದು ನಿಂತೈತಿ."

ಮರುದಿನವೇ ಸಂಬಂಧಪಟ್ಟ ಕಚೇರಿಗೆ ಅರ್ಜಿ ಬರೆದೆ. ಬಡಾವಣೆಯ ಅಂಚಿಗೆ ಒಂದು ತಗ್ಗು ಖಾಲಿ ಬಿದ್ದಿತ್ತು. ಗಟಾರದ ನೀರನ್ನು ಮೊದಲು ಅದರಲ್ಲಿ ತಂಗಿಸಿ, ಇಂಗಿಸಿ, ಮಿಕ್ಕದ್ದನ್ನು ಹಳ್ಳಕ್ಕೆ ಬಿಡಿರಿ ಎಂಬಷ್ಟೇ ಬಿನ್ನಹ. ಆದರೆ ಸಿಟ್ಟು ಬಂದಾಗ ನನಗೆ ಸಂಸ್ಕೃತ ಉಕ್ಕುತ್ತದೆ. ಜಲನಿರ್ಗಮನ, ಅಪಾರ ಹಾನಿ, ಶೋಕಸಂತಪ್ತ ಕುಟುಂಬ ಇತ್ಯಾದಿಗಳನ್ನು ಓದಿದ ಗುಮಾಸ್ತ ತಲೆಯೆತ್ತಿ ಮೆಲ್ಲಗೆ ಕೇಳಿದ: "ಯಾರ ತೀರಿಕೊಂಡಾರ್ರಿ ಮಾಸ್ತರ್ರ?" ಅಂತೂ ಓಡಾಡಿ, ಕಾಡಿ, ಇಂಜಿನಿಯರ್ ಸಾಹೇಬರನ್ನು ನೀಲವ್ವನ ಮನೆಗೆ ಕರೆತಂದೆ. ಅಷ್ಟರಲ್ಲಿ ಬಿಸಿಲು ಬಿದ್ದು ಕುಣಿ ಬರಿದಾಗಿತ್ತು. ಅಂಚಿನಲ್ಲಿ ಒಂದು ತಂಬಿಗೆ ಇತ್ತು. ಇದು ಯಾತಕ್ಕೆಂದು ಸಾಹೇಬರು ಕೇಳಿದರು.

"ಬ್ಯಾಸಿಗ್ಯಾಗ ಎಳಿ ಒಣಗಿ ಹರೀತಾವ್ರಿ" ಎಂದಳು ನೀಲವ್ವ. "ಅದಕ್ಕ ಕುಣಿಗೆ ಒಂದೀಟು ನೀರು ಚಿಮುಕಸ್ತೀವಿ. ತಂಪಿದ್ರ ಎಳಿ ತಡೀತಾವ."

ಸಾಹೇಬರ ಮುಖ ಅರಳಿತು. "ನೋಡ್ರಿ ಮತ್ತ! ಕೈಯಾರೆ ಕುಣಿಗೆ ನೀರು ಹಾಕ್ತಾರ. ನಾವು ಪುಕ್ಕಟ ಕೊಟ್ರ ತಕರಾರು!"

ಜೊತೆಗೆ ಬಂದವರೆಲ್ಲ ನಕ್ಕರು. ಸಂಜೆಯವರೆಗೆ ಅದು ಚಾಷ್ಟಿಯಾಗಿತ್ತು. ಮರುದಿನ ಕಚೇರಿಯ ಅಭಿಪ್ರಾಯವಾಯಿತು. ಕುಣಿಗೆ ನೀರು ಹಾಕುವುದು ನೇಕಾರರ ಪದ್ಧತಿಯೇ ಆಗಿರುವುದರಿಂದ ಕ್ರಮದ ಅಗತ್ಯವಿಲ್ಲವಂತೆ! ಪಲ್ಯಕ್ಕೆ ಚಿಟಿಕೆ ಉಪ್ಪು ಹಾಕಿದವಳ ಬಾಯಿಗೆ ಉಪ್ಪಿನ ಚೀಲ ಸುರಿದು, ನಿನಗೆ ಉಪ್ಪು ಸೇರುತ್ತದಲ್ಲ ಎಂದು ಕೇಳುವ ನ್ಯಾಯವಿದು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ. ಒಂದು ಹೆಣ್ಣುಮಗಳು ಮುಚ್ಚುಮರೆಯಿಲ್ಲದೆ ಹೇಳಿದ ಕಸುಬಿನ ಮಾತನ್ನೇ ಹಿಡಿದು ಅವಳ ಕಸುಬು ಮುಳುಗಿಸಿದರಲ್ಲ!

ನಮ್ಮವರಾದರೂ ಕೇಳಿಯಾರೆಂದು ಸಂಘದ ಸಭೆಯಲ್ಲಿ ತಗ್ಗಿನ ಮಾತೆತ್ತಿದೆ. ನೀರು ನಿಂತರೆ ಸೊಳ್ಳೆಯಾಗುತ್ತವೆ ಎಂದರು ದೇಸಾಯರು. ಕೆಳಗಿನವರಿಗೆ ಸೊಳ್ಳೆ ಕಡಿಯುವುದಿಲ್ಲವೇ ಎಂದು ಕೂಗಿದೆ; ಅತ್ಯಂತ ಅಗತ್ಯವಾದ ಆ ಘಳಿಗೆಯಲ್ಲೇ ನನ್ನ ದನಿ ಒಡೆದು ಕೀರಲಾಗಿ, ವಾಗ್ವಾದದ ಗಾಂಭೀರ್ಯವೆಲ್ಲ ಹಾರಿಹೋಯಿತು. ಕೈ ಎತ್ತಿಸಿದರು, ನನ್ನ ಪರವಾಗಿ ಎದ್ದದ್ದು ನನ್ನ ಕೈ ಒಂದೇ. ಆ ಬೇಸಿಗೆಯಲ್ಲೇ ತಗ್ಗಿಗೆ ಮೊರಂ ಮಣ್ಣು ಸುರಿದು, ಮೇಲೆ ಸಂಘದ ಸಭಾಭವನಕ್ಕೆ ಬುನಾದಿ ಹಾಕಿದರು.

ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆಗೆ ಕುಣಿಯ ಗೋಡೆ ಕುಸಿಯಿತು. ನೀಲವ್ವ ಎಷ್ಟು ದಿನ ತೋಡಿಯಾಳು? ಹಳ್ಳ ತಂದು ಹಾಕಿದ ಹೂಳನ್ನೇ ಬುಟ್ಟಿಯಲ್ಲಿ ಹೊತ್ತು ಕುಣಿ ಮುಚ್ಚಿದಳು. ಮಗ್ಗದ ಕಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿ, ಬೇರೆಯವರ ಪವರ್‌ಲೂಮಿಗೆ ಕೂಲಿಯ ಮೇಲೆ ಕಂಡಿಕೆಗೆ ನೂಲು ಸುತ್ತತೊಡಗಿದಳು. ನಾನು ಕಾಣಲು ಹೋದಾಗ ಮುಚ್ಚಿದ ಕುಣಿಯ ಮೇಲೆಯೇ ಕುಳಿತಿದ್ದಳು. ಕೈ ನೂಲು ಸುತ್ತುತ್ತಿತ್ತು. ಮುಂದೆ ಚಾಚಿದ ಕಾಲುಗಳು ಮಾತ್ರ ಒಂದಾದ ಮೇಲೊಂದು ನೆಲವನ್ನು ಒತ್ತುತ್ತಿದ್ದವು.

"ಕಾಲು ನೋಯ್ತಾವೇನವ್ವ?" ಎಂದೆ.

"ಇಲ್ರಿ. ಸುಮ್ಮನಿರ್ರಿ ಅಂದ್ರ ಕೇಳವಲ್ಲವು" ಎಂದು ನಕ್ಕಳು. "ಇಷ್ಟು ವರ್ಷ ಕುಣ್ಯಾಗ ಇದ್ದುವಲ್ಲ. ಈಗ ಎಲ್ಲಿ ಇಡಬೇಕೋ ಅವಕ್ಕ ತಿಳೀವಲ್ದು."

ಹೊರಗೆ ಗುಡುಗಿತು. ಅವಳು ಥಟ್ಟನೆ ಎದ್ದು ನೂಲಿನ ಬುಟ್ಟಿಯನ್ನು ಗೋಡೆಯ ಮಾಡಕ್ಕೆ ಏರಿಸಿ, ನನ್ನ ಛತ್ರಿಯನ್ನು ತಂದು ಕೈಗಿಟ್ಟಳು.

"ಜಲ್ದಿ ದಾಟಿ ಹೋಗ್ರಿ ಮಾಸ್ತರ್ರ. ನಮ್ಮ ಹಳ್ಳದ ಭರೋಸಾ ಇಲ್ಲ."

ಬೈದು ಕಳಿಸಿದ್ದರೆ ಸಹಿಸುತ್ತಿದ್ದೆ. ನಮ್ಮ ಹಳ್ಳ ಎಂದಳು. ಅದರಲ್ಲಿ ಬರುತ್ತಿದ್ದ ನೀರು ಪೂರಾ ನಮ್ಮ ಬಡಾವಣೆಯದಾಗಿತ್ತು.